ಸಂಕದಾಚೆಯ ಮನೆಗೆ ಪೊಲೀಸರು ಬರುವ ದಾರಿ

ಅಡಿಕೆ ಸುಗ್ಗಿಯಲ್ಲಿ ನಮ್ಮ ಕಡೆ ರಾತ್ರಿ ನಾಯಿ ಬೊಗಳಿದರೆ ಯಾರೂ ಮಗ್ಗುಲು ಬದಲಿಸಿ ಮಲಗುವುದಿಲ್ಲ. ಎದ್ದು ಜಗಲಿಯ ದೀಪ ಹಾಕುತ್ತಾರೆ. ಬೇಯಿಸಿ ಒಣಹಾಕಿದ ಅಡಿಕೆ ಅಂಗಳದ ಚಪ್ಪರದ ಮೇಲೆ ಹರಡಿಕೊಂಡಿರುತ್ತದೆ. ಸೊಸೈಟಿ ಸಾಲ, ಮಕ್ಕಳ ಫೀಸು, ಮಳೆಗಾಲದ ಖರ್ಚು ಎಲ್ಲವೂ ಅದರಲ್ಲೇ ಇರುತ್ತದೆ.

ಹೊಸನಗರ ತಾಲ್ಲೂಕಿನ ನಮ್ಮ ಊರಿನಲ್ಲಿ ಎರಡು ಸುಗ್ಗಿಯ ಹಿಂದೆ ಪಕ್ಕದ ಮನೆಯವರು ಹೀಗೆ ಎದ್ದು ನೋಡಿದಾಗ ಚಪ್ಪರದ ಒಂದು ಮೂಲೆ ಬರಿದಾಗಿತ್ತು. 112ಕ್ಕೆ ಫೋನ್ ಮಾಡಬೇಕೆಂದರೆ ಮನೆ ಹಿಂದಿನ ಗುಡ್ಡ ಹತ್ತಬೇಕು, ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಹತ್ತಿ ಮಾಡಿದರು. ಆ ಕಡೆಯಿಂದ ಮಾತಾಡಿದ ಹೆಣ್ಣುಮಗಳು ತಾಳ್ಮೆಯಿಂದಲೇ ಕೇಳಿದಳು, "ಸಾರ್, ಹತ್ತಿರದ ಗುರುತು ಯಾವುದು?" ಇವರು ಹೇಳಿದರು, "ಶಾಲೆ ದಾಟಿ, ಬ್ಯಾಣದ ಬದಿ ಇಳಿದು, ಸಂಕ ದಾಟಿದ್ರೆ ಉಣಗೋಲು ಸಿಗ್ತದೆ. ಅದೇ ನಮ್ಮನೆ." ಬ್ಯಾಣ ಎಂದರೆ ಹುಲ್ಲುಗಾವಲು, ಸಂಕ ಹಳ್ಳದ ಮೇಲಿನ ಕಾಲುಸೇತುವೆ, ಉಣಗೋಲು ಬೇಲಿಯ ಬಾಗಿಲು. ವಾಹನ ಬಂದದ್ದು ಒಂದೂಕಾಲು ಗಂಟೆಯ ಮೇಲೆ, ಅದೂ ಶಾಲೆಯವರೆಗೆ. ಅಲ್ಲಿಂದ ಮುಂದೆ ಬ್ಯಾಟರಿ ಹಿಡಿದು ನಾವೇ ಹೋಗಿ ಕರೆತಂದೆವು.

ಮರುದಿನ ಊರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಪೊಲೀಸರು ಯಾವತ್ತೂ ಹೀಗೇ. ಆ ರಾತ್ರಿ ಡ್ಯೂಟಿಯಲ್ಲಿದ್ದವರನ್ನು ಕಣ್ಣಾರೆ ಕಂಡ ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ನಾಲ್ಕೈದು ವರ್ಷದಿಂದ, ಒಬ್ಬ ಪೊಲೀಸನಿಗೆ ವಹಿಸಿದ ಪ್ರದೇಶವಾದ ನಮ್ಮ ಬೀಟ್‌ನ ನಾಗರಿಕರ ಸಭೆಗೆ ಹೋಗುತ್ತಿದ್ದೇನೆ. ಜನಸ್ನೇಹಿ ಪೊಲೀಸ್, ಸಮುದಾಯ ಪೊಲೀಸ್ ಎಂದು ಭಾಷಣದಲ್ಲಿ ಕೇಳುವ ಸಂಗತಿ ನೆಲದ ಮೇಲೆ ಎಲ್ಲೆಲ್ಲಿ ತೊಡರಿಕೊಳ್ಳುತ್ತದೆ ಎನ್ನುವುದು ಅಲ್ಲಿ ಕೂತವರಿಗೆ ನಿಧಾನವಾಗಿ ಗೊತ್ತಾಗುತ್ತದೆ.

ಮೊದಲು ಈ ಕಲ್ಪನೆ ಎಲ್ಲಿಂದ ಬಂತು ನೋಡೋಣ. 1829ರಲ್ಲಿ ಲಂಡನ್ ನಗರಕ್ಕೆ ರಾಬರ್ಟ್ ಪೀಲ್ ಕಟ್ಟಿದ ಪೊಲೀಸ್ ಪಡೆ ಜನರ ಒಪ್ಪಿಗೆಯ ಮೇಲೆ ನಿಲ್ಲಬೇಕೆಂಬ ಆಸೆಯಿಂದ ಹುಟ್ಟಿತು. ನಮಗೆ ಸಿಕ್ಕಿದ್ದು ಬೇರೆ. 1857ರ ದಂಗೆಯ ನಂತರ, 1861ರಲ್ಲಿ ಬ್ರಿಟಿಷರು ಇಲ್ಲಿ ತಂದ ಪೊಲೀಸ್ ಕಾಯ್ದೆ ಐರ್ಲೆಂಡಿನಲ್ಲಿ ಜನರನ್ನು ಹದ್ದಿನಲ್ಲಿಡಲು ಕಟ್ಟಿದ್ದ ಪಡೆಯ ಮಾದರಿಯದು. ಸ್ವಾತಂತ್ರ್ಯದ ನಂತರ ನಮ್ಮ ರಾಜ್ಯಕ್ಕೆ 1963ರಲ್ಲಿ ತನ್ನದೇ ಪೊಲೀಸ್ ಕಾಯ್ದೆ ಬಂತು. ಆದರೂ ಠಾಣೆಯ ಮೆಟ್ಟಿಲು ಹತ್ತುವುದೆಂದರೆ ಮಾನ ಹೋಯಿತು ಎನ್ನುವ ಭಾವನೆ ಇವತ್ತಿಗೂ ಉಳಿದಿದೆ.

ಹಳ್ಳಿಯ ಕಾವಲು ಆಗ ಪಟೇಲರದು, ತಳವಾರರದು. ಯಾರ ಮನೆಗೆ ಯಾವ ಹೊಸಬ ಬಂದ, ಯಾರ ಎತ್ತು ಕಳೆಯಿತು ಎನ್ನುವುದೆಲ್ಲ ತಳವಾರನಿಗೆ ಗೊತ್ತಿರುತ್ತಿತ್ತು. ವಂಶಪಾರಂಪರ್ಯದ ಆ ಹುದ್ದೆಗಳನ್ನು 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಕೊನೆಗಾಣಿಸಿತು. ಹೋಗಬೇಕಾದ ವ್ಯವಸ್ಥೆಯೇ ಅದು, ಹುಟ್ಟಿನಿಂದ ಅಧಿಕಾರ ಸಿಗುವ ಪದ್ಧತಿಯನ್ನು ನಾನು ನೆನೆದು ಮರುಗುವುದಿಲ್ಲ. ಆದರೆ ಊರನ್ನು ಕಾಲ್ನಡಿಗೆಯಲ್ಲಿ ಬಲ್ಲ ಮನುಷ್ಯನ ಜಾಗ ಖಾಲಿ ಉಳಿಯಿತು. 1993ರಲ್ಲಿ ತಮಿಳುನಾಡಿನ ರಾಮನಾಥಪುರಂನಲ್ಲಿ ಶುರುವಾದ 'ಫ್ರೆಂಡ್ಸ್ ಆಫ್ ಪೊಲೀಸ್', 2008ರಲ್ಲಿ ಕೇರಳದ 'ಜನಮೈತ್ರಿ', ನಮ್ಮಲ್ಲಿ 2017ರಲ್ಲಿ ಬಂದ ಹೊಸ ಬೀಟ್ ಪದ್ಧತಿ, 2025ರ ಜುಲೈನಲ್ಲಿ ಘೋಷಣೆಯಾದ 'ಮನೆ ಮನೆಗೆ ಪೊಲೀಸ್' ಎಲ್ಲವೂ ಆ ಖಾಲಿ ಜಾಗವನ್ನು ತುಂಬುವ ಪ್ರಯತ್ನಗಳೇ.

ಒಂದು ಬೀಟ್ ಎಂದರೆ ಎಷ್ಟು ನೆಲ

ಪದ್ಧತಿ ಸರಳವಾಗಿದೆ. ಠಾಣೆಯ ಸರಹದ್ದನ್ನು ತುಂಡು ತುಂಡಾಗಿ ಹಂಚುತ್ತಾರೆ. ಒಂದೊಂದು ತುಂಡಿಗೆ ಒಬ್ಬೊಬ್ಬ ಸಿಬ್ಬಂದಿ. ಹಿಂದೆ ಗಸ್ತು ಠಾಣೆಯ ಕೆಲವರ ಕೆಲಸವಾಗಿತ್ತು. ಈಗ ಕಾನ್‌ಸ್ಟೇಬಲ್‌ಗಳು, ಹೆಡ್ ಕಾನ್‌ಸ್ಟೇಬಲ್‌ಗಳು ತಮ್ಮ ತಮ್ಮ ತುಂಡಿಗೆ ಹೊಣೆ. ಆ ಪ್ರದೇಶದ ಜನರ ಒಂದು ಸಮಿತಿ, ವಾಟ್ಸ್‌ಆ್ಯಪ್ ಗುಂಪು, ಆಗಾಗ ಸಭೆ. ಒಂಟಿಯಾಗಿರುವ ವೃದ್ಧರು ಯಾರು, ದೇವಸ್ಥಾನದ ಹುಂಡಿಗೆ ಬೀಗ ಸರಿಯಿದೆಯೇ, ಯಾವ ತಿರುವಿನಲ್ಲಿ ಅಪಘಾತ ಹೆಚ್ಚು ಎನ್ನುವುದು ಬೀಟ್ ಪುಸ್ತಕ ಸೇರಬೇಕು.

ಬೆಂಗಳೂರಿನ ಬಡಾವಣೆಯಲ್ಲಿ ಒಂದು ಬೀಟ್ ಎಂದರೆ ಕೆಲವು ಬೀದಿಗಳು. ಶಿವಮೊಗ್ಗ ಜಿಲ್ಲೆಗೆ ಸುಮಾರು 8,500 ಚದರ ಕಿಲೋಮೀಟರ್ ನೆಲ, 2011ರ ಜನಗಣತಿಯ ಪ್ರಕಾರ ಹದಿನೇಳೂವರೆ ಲಕ್ಷ ಜನ. ಅವರಲ್ಲಿ ಹೆಚ್ಚಿನವರು ಶಿವಮೊಗ್ಗ, ಭದ್ರಾವತಿ ಮತ್ತು ಬಯಲುಸೀಮೆಗೆ ಹತ್ತಿರದ ಊರುಗಳಲ್ಲಿದ್ದಾರೆ. ಘಟ್ಟದಂಚಿಗೆ ಬಂದರೆ ಹೊಸನಗರ, ತೀರ್ಥಹಳ್ಳಿ, ಸಾಗರದ ಊರು ಎಂದರೆ ಊರಲ್ಲ. ಒಂದು ಕಣಿವೆಗೆ ಎರಡು ಮನೆ, ಗುಡ್ಡದಾಚೆ ಒಂದು, ಮಧ್ಯೆ ತೋಟ, ಕಾನು ಎನ್ನುವ ದಟ್ಟ ಕಾಡು, ಹಳ್ಳ. ಮಳೆಗಾಲದಲ್ಲಿ ಅಡಿಕೆ ಮರದ ಸಂಕ ಕೊಚ್ಚಿಕೊಂಡು ಹೋದರೆ ಹತ್ತು ನಿಮಿಷದ ಹಾದಿ ಮುಕ್ಕಾಲು ಗಂಟೆಯಾಗುತ್ತದೆ.

ತುಮರಿ ಕಡೆಯವರ ಕಥೆ ಇದಕ್ಕಿಂತ ಕಷ್ಟದ್ದು. ಲಿಂಗನಮಕ್ಕಿಯ ಹಿನ್ನೀರು ಅವರನ್ನು ಸಾಗರದಿಂದ ಬೇರೆ ಮಾಡಿತ್ತು. ಸಂಜೆ ಲಾಂಚ್ ನಿಂತ ಮೇಲೆ ಆಂಬುಲೆನ್ಸ್ ಇರಲಿ ಪೊಲೀಸ್ ಇರಲಿ, ಬಳಸು ದಾರಿಯೇ ಗತಿ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದುಕೊಂಡ ಮೇಲೆ ಆರು ದಶಕದ ಆ ಸಂಕಟ ತಪ್ಪಿತು. ಮೊಬೈಲ್ ಸಿಗ್ನಲ್ಲಿಗಾಗಿ ಆ ಭಾಗದ ಜನ 'ನೋ ನೆಟ್‌ವರ್ಕ್, ನೋ ವೋಟಿಂಗ್' ಎಂದು ಅಭಿಯಾನವನ್ನೇ ನಡೆಸಿದವರು. ವಾಟ್ಸ್‌ಆ್ಯಪ್ ಗುಂಪಿನ ಮೇಲೆ ನಿಂತ ಬೀಟ್ ವ್ಯವಸ್ಥೆ ಇಂಥ ಊರಿನಲ್ಲಿ ಅರ್ಧ ಮಾತ್ರ ಕೆಲಸ ಮಾಡುತ್ತದೆ.

ಇನ್ನು ನುಡಿಯ ವಿಷಯ. ನಮ್ಮ ಬೀಟ್‌ಗೆ ಬಂದ ಒಬ್ಬ ಕಾನ್‌ಸ್ಟೇಬಲ್ ಹಾವೇರಿ ಕಡೆಯ ಹುಡುಗ. ಮೊದಲ ಸಭೆಯಲ್ಲಿ ನನ್ನನ್ನು ಬದಿಗೆ ಕರೆದು ಕೇಳಿದ, "ಯಜಮಾನ್ರ, ಸಂಕ ಅಂದ್ರ ಏನ್ರಿ?" ಬ್ಯಾಣ, ಹಕ್ಕಲು, ಕಾನು, ಉಣಗೋಲು ಎಲ್ಲವನ್ನೂ ಬರೆದುಕೊಂಡ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಯಾವ ಮನೆಯ ನಾಯಿ ಕಚ್ಚುತ್ತದೆ ಎನ್ನುವವರೆಗೆ ಕಲಿತಿದ್ದ. ಎರಡನೇ ವರ್ಷ ಅವನನ್ನು ಬೇರೆ ಠಾಣೆಗೆ ಹಾಕಿದರು. ಅವನ ಜೊತೆ ಆ ತಿಳುವಳಿಕೆಯೂ ಹೋಯಿತು, ಪುಸ್ತಕದಲ್ಲಿ ಉಳಿದದ್ದು ಹೆಸರು ಮತ್ತು ಫೋನ್ ನಂಬರು.

ಹೋಗಲಿ, ಇರುವಷ್ಟು ಕಾಲವಾದರೂ ಅವನು ಬೀಟ್‌ನಲ್ಲಿ ಇರುತ್ತಾನೆಯೇ? ಇದನ್ನು ಜನ ಗಮನಿಸುವುದೇ ಇಲ್ಲ. ಭಾದ್ರಪದದಲ್ಲಿ ಗಣಪತಿ ವಿಸರ್ಜನೆಯ ಬಂದೋಬಸ್ತಿಗೆ ಶಿವಮೊಗ್ಗಕ್ಕೆ ಕಳಿಸುತ್ತಾರೆ. ಮಳೆಗಾಲದ ಶನಿವಾರ, ಭಾನುವಾರ ಜೋಗದಲ್ಲಿ, ಆಗುಂಬೆ ಘಾಟಿಯಲ್ಲಿ ಪ್ರವಾಸಿಗಳ ವಾಹನ ಬಿಡಿಸಬೇಕು. ಸಿಗಂದೂರು ಜಾತ್ರೆ, ಮೂರು ವರ್ಷಕ್ಕೊಮ್ಮೆ ಸಾಗರದ ಮಾರಿಜಾತ್ರೆ, ಮಂತ್ರಿಗಳ ಪ್ರವಾಸ, ಚುನಾವಣೆ. ಇದರ ನಡುವೆ ಸಮನ್ಸ್ ಜಾರಿ, ವಾರಂಟ್, ಕೋರ್ಟ್ ಡ್ಯೂಟಿ, ಪಾಸ್‌ಪೋರ್ಟ್ ಪರಿಶೀಲನೆ, ರಾತ್ರಿ ಗಸ್ತು. ಯಾರಾದರೂ ಕೆರೆಗೆ ಬಿದ್ದು ಸತ್ತರೆ ಶವದ ಜೊತೆ ಆಸ್ಪತ್ರೆಗೂ ಅವನೇ. ಬೀಟ್‌ಗೆ ಹೋಗುವುದು ಎಲ್ಲ ಮುಗಿದ ಮೇಲೆ ಉಳಿದ ಸಮಯದಲ್ಲಿ, ಸ್ವಂತ ಬೈಕಿನಲ್ಲಿ. ಉಳಿಯುವುದೇ ಇಲ್ಲ ಎನ್ನಿ. ಅವನು ವರ್ಷಕ್ಕೆ ಎಷ್ಟು ದಿನ ತನ್ನ ಬೀಟ್‌ನಲ್ಲೇ ಇದ್ದ ಎಂದು ಲೆಕ್ಕ ಇಡದೆ ಎಷ್ಟು ಸಭೆ ಮಾಡಿದ, ಎಷ್ಟು ಫೋಟೊ ಹಾಕಿದ ಎಂದು ಲೆಕ್ಕ ಇಟ್ಟರೆ ಸಭೆ, ಫೋಟೊಗಳೇ ಸಿಗುತ್ತವೆ.

"ಇದು ನಮಗೆ ಬರಲ್ಲ" ಎನ್ನುವ ಉತ್ತರ

ಜನರಿಗೆ ಪೊಲೀಸರ ಮೇಲೆ ಸಿಟ್ಟು ಬರುವುದು ಹೆಚ್ಚಾಗಿ ಈ ಒಂದು ಮಾತಿಗೆ. ಇದರ ಹಿಂದಿನ ಕಾನೂನು ಗೊತ್ತಿದ್ದರೆ ಅರ್ಧ ಜಗಳ ಹುಟ್ಟುವುದಿಲ್ಲ.

ಅಡಿಕೆ ಕಳವನ್ನೇ ತೆಗೆದುಕೊಳ್ಳಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 303ನೇ ಕಲಮಿನಡಿ ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಅದು ಈಗ ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಕ್ವಿಂಟಲಿಗೆ ಐವತ್ತು ಸಾವಿರ ಎಂದು ಹಿಡಿದರೆ ಹತ್ತು ಕಿಲೋ ಒಣ ಅಡಿಕೆ ಸರಿಯಾಗಿ ಈ ಗೆರೆಯ ಮೇಲೆ ಬರುತ್ತದೆ. ತೋಟದಿಂದ ನಾಲ್ಕು ಕೊನೆ (ಗೊಂಚಲು) ಹಸಿ ಅಡಿಕೆ ಇಳಿಸಿಕೊಂಡು ಹೋದರೆ ಗೆರೆಯ ಕೆಳಗೇ ಉಳಿಯುತ್ತದೆ. ಅದೇ ಮಾಲನ್ನು ಮನೆಯೊಳಗಿಂದ ಕದ್ದರೆ 305ನೇ ಕಲಮು, ಅಲ್ಲಿ ಬೆಲೆಯ ಲೆಕ್ಕವಿಲ್ಲ, ಪೊಲೀಸರು ನೇರವಾಗಿ ಎಫ್‌ಐಆರ್ ಮಾಡಬೇಕು. ಹೀಗಾಗಿ ದೂರು ಕೊಡುವಾಗ ಮಾಲು ಎಲ್ಲಿತ್ತು, ಎಷ್ಟಿತ್ತು, ಅಂದಿನ ಮಾರುಕಟ್ಟೆ ದರ ಎಷ್ಟು ಎನ್ನುವುದನ್ನು ಸರಿಯಾಗಿ ಬರೆಯಬೇಕು. ನಮ್ಮ ಪಕ್ಕದ ಮನೆಯವರು 'ಸ್ವಲ್ಪ ಅಡಿಕೆ' ಎಂದು ಬರೆದುಕೊಟ್ಟಿದ್ದರು. ನಿಜದಲ್ಲಿ ಹೋದದ್ದು ಮೂವತ್ತು ಕಿಲೋಗಿಂತ ಹೆಚ್ಚು. ಮಲೆನಾಡಿನವರ ಸಂಕೋಚವೂ ಕೆಲವೊಮ್ಮೆ ಕೇಸು ಕೆಡಿಸುತ್ತದೆ.

ಅಸಂಜ್ಞೇಯ ಎಂದಾದರೂ ಠಾಣೆಯವರು ಬರಿಗೈಲಿ ಕಳಿಸುವಂತಿಲ್ಲ. ದೂರಿನ ಸಾರವನ್ನು ಪುಸ್ತಕದಲ್ಲಿ ಬರೆದುಕೊಂಡು ಮ್ಯಾಜಿಸ್ಟ್ರೇಟರ ಬಳಿ ಹೋಗಲು ತಿಳಿಸಬೇಕು. ಹಿಂಬರಹ ಕೇಳಿ ಪಡೆಯಿರಿ. ಎಫ್‌ಐಆರ್ ಆದ ಕೇಸಿನಲ್ಲಿ ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಸಾಕ್ಷಿ ಹೇಳಿಕೆಗಾಗಿ ಹೆಂಗಸರನ್ನು, 60 ದಾಟಿದವರನ್ನು ಠಾಣೆಗೆ ಬರಹೇಳುವಂತಿಲ್ಲ, ಅವರಿರುವಲ್ಲಿಗೇ ಹೋಗಬೇಕು. ನಮ್ಮ ತಾಲ್ಲೂಕಿನ ಬಿದನೂರು ನಗರದ ಕಡೆಯಿಂದ ಎರಡು ಬಸ್ಸು ಬದಲಿಸಿ ಠಾಣೆಯ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತಿದ್ದ ಅಜ್ಜಿಯೊಬ್ಬರನ್ನು ನಾನು ನೋಡಿದ್ದೇನೆ. ಹಾಗೆ ಬರಬೇಕಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಬೇಲಿ ಜಗಳ ಇನ್ನೊಂದು. ಅಗಳ (ಕಂದಕ) ತೆಗೆದದ್ದು ಯಾರ ನೆಲದಲ್ಲಿ, ಬೆಟ್ಟದ ಸೊಪ್ಪು ಯಾರಿಗೆ ಸೇರಿದ್ದು, ತೋಟದ ಹಾದಿಗೆ ಬೇಲಿ ಹಾಕಿದ್ದು ಸರಿಯೇ? ಇದು ಪೊಲೀಸರು ತೀರ್ಮಾನಿಸುವ ವಿಷಯವೇ ಅಲ್ಲ. ಗಡಿ ಗೊತ್ತಾಗಬೇಕಾದರೆ ಸರ್ವೆ ಇಲಾಖೆಗೆ ಹದ್ದುಬಸ್ತಿಗೆ ಅರ್ಜಿ ಹಾಕಬೇಕು. ಹಕ್ಕಿನ ತಕರಾರಾದರೆ ಸಿವಿಲ್ ಕೋರ್ಟು. ಅರಣ್ಯದ ಅಂಚಾದರೆ ಅರಣ್ಯ ಇಲಾಖೆಯೂ ಬರುತ್ತದೆ. ಪೊಲೀಸರ ಕೆಲಸ ಶುರುವಾಗುವುದು ಕತ್ತಿ ಎತ್ತಿದಾಗ, ಹೊಡೆದಾಟದ ಸೂಚನೆ ಕಂಡಾಗ. ಆಗ ಮುಚ್ಚಳಿಕೆ ಬರೆಸಿಕೊಳ್ಳುವ ಪ್ರಕ್ರಿಯೆ ಶುರುಮಾಡಬಹುದು. ಆದರೆ ಸಣ್ಣ ಊರಿನಲ್ಲಿ ಎರಡೂ ಕಡೆಯವರು ಬಂದು, "ನೀವೇ ಒಂದು ಮಾತು ಹೇಳಿ ಮುಗಿಸಿ ಸಾರ್" ಎನ್ನುತ್ತಾರೆ. ಹೇಳಿದರೆ ಸೋತವನಿಗೆ ಪೊಲೀಸ್ ಪಕ್ಷಪಾತಿ, ಹೇಳದಿದ್ದರೆ ಇಬ್ಬರಿಗೂ ನಿಷ್ಪ್ರಯೋಜಕ.

ರಾಜಿ ಪಂಚಾಯ್ತಿಕೆ ಎಲ್ಲಕ್ಕೂ ಮದ್ದಲ್ಲ ಎನ್ನುವುದನ್ನು ಇಲ್ಲಿಯೇ ಒತ್ತಿ ಹೇಳಬೇಕು. ಗಂಡ ಹೊಡೆಯುತ್ತಾನೆ ಎಂದು ಬಂದವಳನ್ನು, "ಹೊಂದ್ಕೊಂಡು ಹೋಗಮ್ಮ" ಎಂದು ಸಮಿತಿಯ ಹಿರಿಯರ ಮುಂದೆ ಕೂರಿಸುವುದು ಜನಸ್ನೇಹಿ ಕೆಲಸವಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಅವಳಿಗೆ ಸಂರಕ್ಷಣಾಧಿಕಾರಿಯ ನೆರವು ಸಿಗಬೇಕು, 181 ಸಹಾಯವಾಣಿ ಇದೆ. ಊರಿನ ಶಾಂತಿಯ ಹೆಸರಿನಲ್ಲಿ ಅವಳ ಪೆಟ್ಟನ್ನು ಮುಚ್ಚಿಡಲು ಯಾರಿಗೂ ಹಕ್ಕಿಲ್ಲ.

ಹೇಳಿದವರು ಯಾರು ಎಂಬ ಪ್ರಶ್ನೆ

ದಾರಿ, ಸಿಬ್ಬಂದಿ, ಕಾನೂನು ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವುದು ಈ ಪ್ರಶ್ನೆ.

ಮೂರು ವರ್ಷದ ಹಿಂದೆ ನಮ್ಮ ಬೀಟ್ ಸಭೆಗೆ ಸ್ವಸಹಾಯ ಸಂಘದ ಹೆಂಗಸೊಬ್ಬಳು ಬಂದಿದ್ದಳು. ಕಿರಾಣಿ ಅಂಗಡಿಯಲ್ಲಿ ಬೆಳಿಗ್ಗೆ ಆರು ಗಂಟೆಗೇ ಸರಾಯಿ ಪ್ಯಾಕೆಟ್ ಸಿಗುತ್ತದೆ, ಗಂಡಸರು ಕೂಲಿ ದುಡ್ಡನ್ನು ಅಲ್ಲೇ ಸುರಿಯುತ್ತಾರೆ ಎಂದು ಎದ್ದು ನಿಂತು ಹೇಳಿದಳು. ಎಲ್ಲರೂ ತಲೆಯಾಡಿಸಿದೆವು. ಸಂಜೆಯೊಳಗೆ ಅಂಗಡಿಯವನಿಗೆ ಅವಳ ಹೆಸರು ಗೊತ್ತಾಗಿತ್ತು. ಮರುವಾರ ಅವಳಿಗೆ ಅಂಗಡಿಯಲ್ಲಿ ಸಾಲ ಸಿಗಲಿಲ್ಲ, ಮಗನಿಗೆ ಕೊನೆ ಹೊರುವ ಕೆಲಸ ತಪ್ಪಿತು. ಸುದ್ದಿ ಠಾಣೆಯಿಂದ ಹೋಯಿತೋ ನಮ್ಮ ಸಭೆಯಿಂದ ಹೋಯಿತೋ ಯಾರೂ ಹೇಳಲಾರರು. ನಾನೂ ಆ ಸಭೆಯಲ್ಲಿದ್ದೆ. ಅವಳು ಮತ್ತೆ ಸಭೆಗೆ ಬರಲಿಲ್ಲ.

ನಗರದಲ್ಲಿ ಮಾಹಿತಿ ಕೊಟ್ಟವರು ಗುಂಪಿನಲ್ಲಿ ಕರಗಿಹೋಗಬಹುದು. ಇಪ್ಪತ್ತು ಮನೆಯ ಊರಿನಲ್ಲಿ ಹೆಸರು ಹೇಳದಿದ್ದರೂ ಯಾರೆಂದು ತಿಳಿಯುತ್ತದೆ. ಪೊಲೀಸ್ ಅಧಿಕಾರಿಗೆ ಮಾಹಿತಿ ಎಲ್ಲಿಂದ ಬಂತೆಂದು ಹೇಳುವಂತೆ ನ್ಯಾಯಾಲಯವೂ ಒತ್ತಾಯಿಸುವಂತಿಲ್ಲ ಎಂದು ನಮ್ಮ ಸಾಕ್ಷ್ಯ ಕಾನೂನಿನಲ್ಲೇ ಇದೆ. ಆ ರಕ್ಷಣೆ ಸಭೆಯ ಮಧ್ಯೆ ಎದ್ದುನಿಂತು ಮಾತಾಡಿದವಳಿಗೆ ಹೇಗೆ ಸಿಕ್ಕೀತು? ಪಂಚನಾಮೆಗೆ ಸಹಿ ಹಾಕಲು ಜನ ಹಿಂದೆ ಸರಿಯುವುದಕ್ಕೂ ಇದೇ ಕಾರಣ. ಇವತ್ತು ಸಹಿ, ಐದಾರು ವರ್ಷದ ಮೇಲೆ ಕೋರ್ಟಿನ ಸಮನ್ಸ್, ಅಲ್ಲಿಯವರೆಗೆ ದಿನವೂ ಆರೋಪಿಯ ಮನೆ ಮುಂದೆಯೇ ಹಾದುಹೋಗಬೇಕು.

ಆಗುಂಬೆ, ತೀರ್ಥಹಳ್ಳಿ ಕಡೆಯ ಕಾಡಂಚಿನ ಮನೆಗಳಿಗೆ ಇದರ ಇನ್ನೊಂದು ನೆನಪಿದೆ. 2000ದ ದಶಕದಲ್ಲಿ ರಾತ್ರಿ ನಕ್ಸಲರು ಬಂದು ಊಟ ಕೇಳಿದರೆ ಇಲ್ಲ ಎನ್ನುವಂತಿಲ್ಲ. ಬೆಳಗ್ಗೆ ಪೊಲೀಸರು ಬಂದು ಊಟ ಯಾಕೆ ಹಾಕಿದಿರಿ ಎಂದರೆ ಉತ್ತರವಿಲ್ಲ. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಶರಣಾದ ಮೇಲೆ ಆ ಅಧ್ಯಾಯ ಹೆಚ್ಚುಕಡಿಮೆ ಮುಗಿಯಿತು. ಆದರೆ ಖಾಕಿ ಕಂಡರೆ ಕಡಿಮೆ ಮಾತಾಡುವ ಅಭ್ಯಾಸ ಇನ್ನೂ ಬಿಟ್ಟುಹೋಗಿಲ್ಲ.

ಸಮಿತಿಯಲ್ಲಿ ಯಾರಿರುತ್ತಾರೆ ನೋಡಿ. ಪಂಚಾಯ್ತಿ ಸದಸ್ಯರು, ಗುತ್ತಿಗೆದಾರರು, ಪಕ್ಷದ ಕಾರ್ಯಕರ್ತರು, ನನ್ನಂಥ ತೋಟದವರು. ಸಭೆ ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಕೂಲಿಯವರು ತೋಟದಲ್ಲಿರುತ್ತಾರೆ. ದಲಿತ ಕೇರಿಯವರು ಬಂದರೂ ಬಾಗಿಲ ಹತ್ತಿರ ನಿಲ್ಲುತ್ತಾರೆ. ತಮಗೆ ಕೆಲಸ ಕೊಡುವವರೇ ಕುರ್ಚಿಯಲ್ಲಿ ಕೂತಿರುವಾಗ ಅವರು ದೌರ್ಜನ್ಯದ ಮಾತು ಹೇಗೆ ಎತ್ತಬೇಕು? ಸಮುದಾಯ ಎಂದು ಒಂದೇ ಶಬ್ದದಲ್ಲಿ ಹೇಳಿಬಿಡುತ್ತೇವೆ. ಆ ಶಬ್ದದೊಳಗೆ ಯಜಮಾನನೂ ಇದ್ದಾನೆ, ಆಳೂ ಇದ್ದಾನೆ. ಹೊರಗಿನವರ ಮೇಲಿನ ಅನುಮಾನವೂ ಅದರಲ್ಲೇ ಇದೆ. 2018ರಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ಸುಳ್ಳಿಗೆ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಜನರ ಗುಂಪು ಒಬ್ಬ ಇಂಜಿನಿಯರನ್ನು ಬಡಿದು ಕೊಂದಿತು. ಅಸ್ಸಾಂ, ಜಾರ್ಖಂಡ್‌ಗಳಿಂದ ನಮ್ಮ ತೋಟಗಳಿಗೆ ದುಡಿಯಲು ಬಂದವರ ಫೋಟೊ ತೆಗೆದು 'ಅನುಮಾನಾಸ್ಪದ' ಎಂದು ಬೀಟ್ ಗುಂಪಿಗೆ ಹಾಕುವವರನ್ನು ಕಂಡಾಗ ನನಗೆ ಆ ಘಟನೆ ನೆನಪಾಗುತ್ತದೆ.

ಶಿವಮೊಗ್ಗ ನಗರದಲ್ಲಿ ಇದೇ ಅನುಮಾನ ಎಷ್ಟು ಬೇಗ ಕಲ್ಲುತೂರಾಟವಾಗುತ್ತದೆ ಎಂದು 2023ರ ಅಕ್ಟೋಬರಿನಲ್ಲಿ ರಾಗಿಗುಡ್ಡ ಬಡಾವಣೆಯ ಮಿಲಾದ್ ಮೆರವಣಿಗೆಯ ಹೊತ್ತಿನಲ್ಲಿ ನೋಡಿದೆವು. ಹಬ್ಬಕ್ಕೆ ವಾರವಿರುವಾಗ ಕರೆಯುವ ಶಾಂತಿ ಸಭೆ ಬೇಕು, ಗಣಪತಿ ವಿಸರ್ಜನೆ ಮತ್ತು ಮಿಲಾದ್ ಒಟ್ಟಿಗೆ ಬಂದಾಗ ಮೆರವಣಿಗೆ ಮುಂದೂಡಿಕೊಂಡ ಒಳ್ಳೆಯ ಉದಾಹರಣೆಯೂ ಇದೆ. ಆದರೆ ವದಂತಿ ಬಂದ ಮೊದಲ ಹತ್ತು ನಿಮಿಷದಲ್ಲಿ ಫೋನ್ ಎತ್ತಿ "ಹೌದಾ ಇದು?" ಎಂದು ಕೇಳಲು ಆ ಬೀದಿಯವರಿಗೆ ಪರಿಚಯದ ಪೊಲೀಸ್ ಒಬ್ಬನಿರಬೇಕು. ಆ ಪರಿಚಯ ಹಬ್ಬವಿಲ್ಲದ ತಿಂಗಳುಗಳಲ್ಲಿ ಆಗುವಂಥದ್ದು.

ಕೋವಿಯ ವಿಷಯ ಬಿಟ್ಟರೆ ಮಲೆನಾಡಿನ ಲೇಖನ ಪೂರ್ತಿಯಾಗದು. ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದ ಕೋವಿಗಳನ್ನು ಪ್ರತಿ ಚುನಾವಣೆಗೂ ಠಾಣೆಯಲ್ಲಿ ಠೇವಣಿ ಇಡಿ ಎನ್ನುತ್ತಾರೆ. ಆ ದಿನಗಳಲ್ಲಿ ಹಂದಿ, ಮಂಗ ರಜೆ ಹಾಕುವುದಿಲ್ಲ. ಕರಾವಳಿ ಕಡೆಯ ಬೆಳೆಗಾರರು ಇದರ ವಿರುದ್ಧ ಹೈಕೋರ್ಟಿಗೂ ಹೋಗಿದ್ದಾರೆ. ಯಾರ ಕೋವಿಯಿಂದ ಅಪಾಯವಿಲ್ಲವೋ ಅವರಿಗೆ ಪರಿಶೀಲನಾ ಸಮಿತಿ ವಿನಾಯಿತಿ ಕೊಡಬಹುದು. ಅದಕ್ಕೆ ಬೇಕಾದ ತಿಳುವಳಿಕೆ ಬೀಟ್ ಪೊಲೀಸನ ಹತ್ತಿರ ಇರಬೇಕಿತ್ತು. ಇಲ್ಲದಿರುವುದರಿಂದಲೇ ಎಲ್ಲರದ್ದೂ ಒಟ್ಟಿಗೆ ತೆಗೆದುಕೊಳ್ಳುತ್ತಾರೆ, ಎಂಬತ್ತರ ಅಜ್ಜನೂ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುತ್ತಾನೆ.

ಈ ಸುಗ್ಗಿಗೆ ನಮ್ಮ ಬೀಟ್‌ಗೆ ಮತ್ತೊಬ್ಬ ಹೊಸಬ ಬಂದಿದ್ದಾನೆ, ಇವನೂ ಬಯಲುಸೀಮೆಯವನು. ಸಭೆ ಹನ್ನೊಂದು ಗಂಟೆಗೆ ಬೇಡ, ರಾತ್ರಿ ಅಡಿಕೆ ಸುಲಿಯುವಲ್ಲಿಗೆ ಬಾ ಎಂದು ನಾನೇ ಕೇಳಿಕೊಂಡೆ. ಬಂದ. ಸಮವಸ್ತ್ರವಿರಲಿಲ್ಲ, ಸ್ವೆಟರ್ ಹಾಕಿದ್ದ. ಹದಿನೈದು ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು ಸುಲಿಯುತ್ತಿದ್ದರು. ನಾವು ಒಬ್ಬಿಬ್ಬರು ಗಂಡಸರು ಒಳಗೆ ಹೋದೆವು, ಅವರಿಗೆ ಮಾತಾಡಲು ಆಗಲಿ ಎಂದು. ಹೋಗುವ ಮೊದಲು ಕೇಳಿಸಿದ್ದು ಇಷ್ಟು. ವಯಸ್ಸಾದ ಒಬ್ಬಾಕೆ ತಲೆಯೆತ್ತದೆ ಕೇಳಿದಳು, "ತಮ್ಮಾ, ಇಲ್ಲಿ ಹೇಳಿದ್ದು ಅಂಗಡಿಗೆ ಹೋಗ್ತದಾ?"

ಅವನು ಬೀಟ್ ಪುಸ್ತಕ ಮುಚ್ಚಿ ಚೀಲದೊಳಗೆ ಇಟ್ಟ. ಪೆನ್ನನ್ನೂ ಇಟ್ಟ.

"ಬರ್ಕೊಳ್ಳಂಗಿಲ್ಲ ಬಿಡ್ರಿ ಅಮ್ಮಾರ. ಹೇಳ್ರಿ."